ಹೋಲ್ ಹದಿನೇಳು, ನೂರಾ ಹನ್ನೆರಡನೇ ಮೀಟರ್

ಫೆಬ್ರುವರಿ 3, ಸೋಮವಾರ. ಬೆಳಿಗ್ಗೆ 7, ಕಮಲಾಪುರ ಬಸ್ಸಿನಲ್ಲಿ

ಶನಿವಾರದ ಮೀಟಿಂಗಿನಲ್ಲಿ ಕಂಪನಿ ಒಪ್ಪಿದ್ದು: ದಿನಕ್ಕೆ ಆರುನೂರು ಕೂಲಿ. ಧೂಳಿಗೆ ಮಾಸ್ಕು. ಕೈಗವಸು. ಹೆಂಗಸರಿಗೆ ಬಾಗಿಲಿರುವ ಸಂಡಾಸು, ತಿಂಗಳೊಳಗೆ.

ಒಪ್ಪದ್ದು: ಪಿ.ಎಫ್. ಕರಾರಿನ ನಕಲು. ಬೀಗ ಹಾಕುವ ಒಂದು ಅಲ್ಮಾರಿ.

ಅಲ್ಮಾರಿ ಕೇಳಿದ್ದು ಯಾಕೆಂದರೆ ಕಮಲಾಪುರದ ನಮ್ಮ ಶೆಡ್ಡಿನೊಳಗೆ ಮೈಮೇಲೆ ಬಂಗಾರ ಇರಕೂಡದು ಅಂತ ರೂಲು. ಸುರಪುರದ ಆಚೆ ನೆಲ ಕೊರೆದು ತಂದ ಕಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಬಂಗಾರ ಇದೆಯೋ ಇಲ್ಲವೋ ಅಂತ ಹುಡುಕುವ ಕೆಲಸ. ಉಂಗುರ ಉಜ್ಜಿದರೂ ಪರೀಕ್ಷೆ ಕೆಡುತ್ತದೆ. ಎಂ.ಎಸ್ಸಿ. ಜಿಯಾಲಜಿ ಓದಿ ಈ ಶೆಡ್ಡು ನೋಡಿಕೊಳ್ಳುವ ನನಗೂ ಗೊತ್ತು. ಆದರೆ ತೆಗೆದು ಎಲ್ಲಿಡಬೇಕು? ಗೋಡೆಯ ಮೊಳೆಗೆ ನೇತು ಹಾಕಬೇಕೇ?

ಸುನೀಲಕುಮಾರ ಸರ್ ಕಂಪನಿಯ ಇಲ್ಲಿನ ಮುಖ್ಯಸ್ಥ. ಬೆರಳಿಗೆ ಎರಡು ಉಂಗುರ. ಕೇಳಿಯೇಬಿಟ್ಟೆ.

"ನಾ ಸ್ಯಾಂಪಲ್ ಮುಟ್ಟಂಗಿಲ್ಲ, ಅಂಬಿಕಾ."

"ದಿನಾ ಮುಟ್ತೀರಿ ಸರ್. ನಿಮ್ಮದು ಇರಬೇಕು, ಅವರದು ತೆಗೀಬೇಕು, ಇದ್ಯಾವ ನ್ಯಾಯ?"

ಹಿಂದಿನಿಂದ ಕಲ್ಲು ಕುಟ್ಟುವ ನೀಲಗಂಗಮ್ಮ: "ಗಂಡ ಸತ್ರ ತಾಳಿ ತೆಗೀತೀನ್ರೀ ಸಾಹೇಬ್ರ. ಅವ ಇನ್ನಾ ಗಟ್ಟಿ ಅದಾನ. ನನಕಿಂತ ಎರಡ್ ರೊಟ್ಟಿ ಹೆಚ್ಚಿಗಿ ತಿಂತಾನ."

ಹನ್ನೊಂದು ಹೆಂಗಸರೂ ನಕ್ಕು ಚಪ್ಪಾಳೆ ಹೊಡೆದರು. ಸರ್ ಕೈ ಕೊಡವಿದರು. "ಏನರೆ ಮಾಡ್ಕೋರಿ."

ರೂಲು ಹೋಯ್ತು. ಗೆದ್ದೆವು.

ಫೆಬ್ರುವರಿ 6, ಗುರುವಾರ. ಮಧ್ಯಾಹ್ನ

ಶೆಡ್ಡು ಮೊದಲು ತೊಗರಿ ಗೋದಾಮು. ಈಗಲೂ ಮೂಲೆಯಲ್ಲಿ ನುಸಿ. ಕೊರೆದ ಕಲ್ಲು ಉದ್ದ ಕೋಲಿನ ಹಾಗೆ ಬರುತ್ತದೆ, ಅದಕ್ಕೆ ಕೋರ್ ಅನ್ನುತ್ತೇವೆ. ನಬಿಸಾಬ್ ಮಷಿನ್ ಗರಗಸದಲ್ಲಿ ಉದ್ದಕ್ಕೆ ಸೀಳುತ್ತಾರೆ. ಅರ್ಧ ಪೆಟ್ಟಿಗೆಯಲ್ಲೇ ಉಳಿಯಬೇಕು, ಸಾಕ್ಷಿಗೆ. ಇನ್ನರ್ಧ ಹೆಂಗಸರು ಕುಟ್ಟಿ, ಮೀಟರಿಗೊಂದು ಚೀಲ ಕಟ್ಟುತ್ತಾರೆ. ಚೀಲ ಲ್ಯಾಬಿಗೆ.

ಇವತ್ತು ಹೋಲ್ 17, ಹದಿನೇಳನೇ ಕೊರೆತ. ನೂರಾ ಆರರಿಂದ ನೂರಾ ಹದಿನೆಂಟನೇ ಮೀಟರ್. ಹದಿಮೂರು ಚೀಲ.

ಬಗ್ಗಿ ಕುಟ್ಟುವಾಗ ನೀಲಗಂಗಮ್ಮನ ತಾಳಿಸರ ಹರಿಯಿತು. ಕರಿಮಣಿ ನೆಲದ ತುಂಬ. ಎಲ್ಲರೂ ಹೆಕ್ಕಿದೆವು. ಎಲ್ಲ ಸಿಕ್ಕವು ಅಂದಳು.

ಸಂಡಾಸಿಗೆ ಇನ್ನೂ ಇಟ್ಟಿಗೆ ಕೂಡ ಬಂದಿಲ್ಲ.

ಫೆಬ್ರುವರಿ 24, ಸೋಮವಾರ

ಲ್ಯಾಬ್ ರಿಪೋರ್ಟು. ಹೋಲ್ 17, ನೂರಾ ಹನ್ನೆರಡನೇ ಮೀಟರ್: ಟನ್ ಕಲ್ಲಿಗೆ ಹದಿನಾಲ್ಕು ಗ್ರಾಂ ಬಂಗಾರ!

ಸರ್ ಪೇಡೆ ಹಂಚಿದರು. ಇಷ್ಟು ದಿನ ಒಂದು ಗ್ರಾಮೂ ದಾಟಿರಲಿಲ್ಲ. ಶೆಡ್ಡು ಮುಚ್ಚುತ್ತದೆ ಅನ್ನುವ ಮಾತಿತ್ತು. ಈಗ ಇನ್ನೂ ಮೂವತ್ತು ಹೋಲ್ ಕೊರೆಯುತ್ತಾರಂತೆ. ಹನ್ನೊಂದು ಮಂದಿಗೆ ವರ್ಷದ ಕೆಲಸ. ನಾನೂ ಎರಡು ಪೇಡೆ ತಿಂದೆ.

ನೀಲಗಂಗಮ್ಮ ತಿನ್ನಲಿಲ್ಲ. ಹಲ್ಲು ನೋವು ಅಂದಳು.

ಫೆಬ್ರುವರಿ 25, ಮಂಗಳವಾರ

ಹೊಸ ಕೆಲಸ ಹಚ್ಚಿದ್ದಾರೆ. ಮಾರ್ಚ್ ಆರಕ್ಕೆ ಕಲಬುರಗಿ ಸ್ಟೇಶನ್ ಬಜಾರದ ಹೋಟೆಲಿನಲ್ಲಿ ಹೂಡಿಕೆದಾರರ ಸಭೆ. ಬಹುಪಾಲು ಗಂಜಿನ, ಅಂದರೆ ಕಾಳಿನ ಪೇಟೆಯ, ದಾಲ್ ವ್ಯಾಪಾರಿಗಳು. ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳಬೇಕಂತೆ. "ನೀ ಚೆನ್ನಾಗಿ ಮಾತಾಡ್ತಿ" ಅಂದರು ಸರ್. ಹತ್ತು ವರ್ಷ ಜಗತ್ ಸರ್ಕಲ್ಲಿನಲ್ಲಿ ಘೋಷಣೆ ಕೂಗಿದ ಗಂಟಲು ಈಗ ಕಂಪನಿಗೆ ಬೇಕು. ಥೂ.

ಬರೆದೆ. ಇಂಥ ಸಣ್ಣ ಕಂಪನಿಯ ಹತ್ತಿರ ಗಣಿ ಇಲ್ಲ. ಸರ್ಕಾರದ ಪರವಾನಗಿ ಇದೆ, ನಕಾಶೆ ಇದೆ, ಅಷ್ಟೇ. ಮೊದಲು ಮಣ್ಣು ಪರೀಕ್ಷೆ. ಸುಳಿವು ಸಿಕ್ಕರೆ ಉದ್ದ ಗುಂಡಿ ತೋಡಿ ಕಲ್ಲು ನೋಡುವುದು. ಆಮೇಲೆ ಕೊರೆಯುವುದು. ಕೊರೆಯಲು ನಿಮ್ಮ ದುಡ್ಡು. ಒಳ್ಳೇ ಸುದ್ದಿ ಬಂದರೆ ಶೇರು ಏರುತ್ತದೆ, ಮತ್ತೆ ದುಡ್ಡು ಎತ್ತುತ್ತಾರೆ, ಮತ್ತೆ ಕೊರೆಯುತ್ತಾರೆ. ನೂರು ಕಡೆ ಹುಡುಕಿದರೆ ಒಂದು ಕಡೆ ಗಣಿ ಆದೀತು. ಕೇಳಬೇಕಾದ್ದು: ಎಷ್ಟು ಮೀಟರ್ ದಪ್ಪ? ಅಕ್ಕಪಕ್ಕ ಏನಿದೆ? ಸ್ಯಾಂಪಲ್ ಕಟ್ಟಿದವರು ಯಾರು?

ಸರ್ ಕೊನೆಯ ಮೂರು ಪ್ರಶ್ನೆ ಹೊಡೆದು ಹಾಕಿದರು. "ಅವರಿಗೆ ಸುಮ್ಮ ಗಾಬರಿ ಆಗ್ತದ."

ಅಕ್ಕಪಕ್ಕದ ಮೀಟರಿನಲ್ಲಿ ಏನಿದೆ? ಏನೂ ಇಲ್ಲ. ಸೊನ್ನೆ. ತಲೆಯಲ್ಲಿ ಅದೇ ಕೊರೆಯುತ್ತಿದೆ.

ಫೆಬ್ರುವರಿ 28, ಶುಕ್ರವಾರ. ನೆಹರು ಗಂಜ್

ಬರೆದದ್ದನ್ನು ದೇವಿಂದ್ರಪ್ಪ ಸಾಹುಕಾರರಿಗೆ ಓದಿ ತೋರಿಸು ಅಂತ ಕಳಿಸಿದರು. ಗಂಜಿನ ಮಂದಿ ಇವರ ಮಾತಿನ ಮೇಲೆ ನಡೆಯುತ್ತಾರೆ. ಗಾದಿಯ ಮೇಲೆ ಕೂತು ಕೇಳಿದರು. ಹೊರಗೆ ಹಮಾಲರು ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ತೊಗರಿ ತೆಗೆದು ನೋಡುತ್ತಿದ್ದರು.

"ನೀವೂ ಹಿಂಗೇ ನೆಲಕ್ಕ ಚುಚ್ಚತೀರಿ, ಹೌದಲ್ಲೋ ತಂಗಿ?"

"ಹೌದ್ರೀ. ಆದ್ರ ನೀವು ಒಂದ್ ಚೀಲ ಚುಚ್ಚಿ ಇಡೀ ಲಾರಿ ತಗೋತೀರೇನು?"

"ನನಗೇನ್ ಹುಚ್ಚ ನಾಯಿ ಕಡದದೇನು?" ನಕ್ಕರು. ಆಮೇಲೆ ನಗು ನಿಂತಿತು. "ಇದ್ಯಾಕ ಕೇಳ್ದಿ?"

ಸುಮ್ಮನೆ ಅಂದೆ. ಸುಳ್ಳು.

ಮಾರ್ಚ್ 1, ಶನಿವಾರ

ಊಟದ ಹೊತ್ತಿಗೆ ನೀಲಗಂಗಮ್ಮ ರಟ್ಟೆ ಹಿಡಿದು ಶೆಡ್ಡಿನ ಹಿಂದೆ ಎಳೆದುಕೊಂಡು ಹೋದಳು.

"ಅವತ್ತ ಎಲ್ಲಾ ಸಿಕ್ಕಾವ ಅಂದಿದ್ನಲ್ಲ... ಬಂಗಾರದ ಮಣಿ ಒಂದು ಸಿಕ್ಕಿಲ್ಲ. ಸಾಸಿವಿಯಷ್ಟು."

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಎಲ್ಲಾರ ಮುಂದ ಹುಡುಕಸ್ತಿದ್ದಿ. ಊರಿಗಿ ಸುದ್ದಿ. ತಾಳಿ ಮಣಿ ಕಳಕೊಂಡಾಳ, ಮಗನಿಗಿ ಏನ್ ಕಾದದೋ ಅಂತ ನಮ್ಮತ್ತಿ ಊಟ ಬಿಡ್ತಿದ್ಳು. ಹಿತ್ತಾಳಿ ಮಣಿ ಹಾಕಿ ಪೋಣಿಸೀನಿ, ನೋಡು."

"ಯಾವ ಚೀಲ ಕಟ್ತಿದ್ದಿ?"

"ಯವ್ವಾ, ಎಲ್ಲಾ ಚೀಲ ಒಂದೇ ನಮೂನಿ. ನನಗೇನ್ ನೆನಪ?"

ಲೆಕ್ಕ ಹಾಕಿದೆ. ಚೀಲದ ತೂಕ ಮೂರು ಕಿಲೋ. ಟನ್ನಿಗೆ ಹದಿನಾಲ್ಕು ಗ್ರಾಂ ಬರಬೇಕಾದರೆ ಆ ಚೀಲದಲ್ಲಿ ನಲವತ್ತೆರಡು ಮಿಲಿಗ್ರಾಂ ಇದ್ದರೆ ಸಾಕು. ಸಾಸಿವೆಯಷ್ಟು.

ಇರಬಹುದು. ಇರದೆಯೂ ಇರಬಹುದು. ಮಣಿ ನೆಲದ ಬಿರುಕಿನಲ್ಲಿ ಬಿದ್ದಿದ್ದು, ಕಲ್ಲಿನಲ್ಲಿ ಖರೇನೇ ಬಂಗಾರ ಇದ್ದರೆ? ನನ್ನ ಅನುಮಾನಕ್ಕೆ ಹನ್ನೊಂದು ಮನೆಯ ಒಲೆ ಆರುತ್ತದೆ.

ಮಾರ್ಚ್ 2, ಭಾನುವಾರ. ತಾಜಸುಲ್ತಾನಪುರ, ಮನೆ

ಬರೆದಿಡುತ್ತೇನೆ, ಜಾರಿಕೊಳ್ಳಬಾರದು. ರೂಲು ಸರಿ ಇತ್ತು. ಅದನ್ನು ಮುರಿದವಳು ನಾನು. ಅಲ್ಮಾರಿ ಕೊಡುವ ತನಕ ಕೆಲಸ ನಿಲ್ಲಿಸುತ್ತೇವೆ ಅನ್ನಬೇಕಿತ್ತು. ಅದು ಕಷ್ಟದ ಜಗಳ, ಕೂಲಿ ಹೋಗುತ್ತಿತ್ತು. ತಾಳಿಯ ಮಾತಿಗೆ ಚಪ್ಪಾಳೆ ಬೇಗ ಬಿತ್ತು. ಚಪ್ಪಾಳೆ ಕೇಳಿ ನಿಂತುಬಿಟ್ಟೆ. ಇಷ್ಟು ವರ್ಷದ ಚಳವಳಿ ಕಲಿಸಿದ್ದು ಇಷ್ಟೇನಾ?

ಮಾರ್ಚ್ 3, ಸೋಮವಾರ. ಕಲಬುರಗಿ ಆಫೀಸು

ಸರ್‌ಗೆ ಹೇಳಿದೆ, ಹೆಸರು ಬಿಟ್ಟು. ಬಾಗಿಲು ಹಾಕಿಕೊಂಡರು.

"ಸಾಕ್ಷಿ ಎಲ್ಲದ?"

"ಪೆಟ್ಟಿಗೆಯಾಗ. ಉಳಿದ ಅರ್ಧ ಕೋರ್ ಲ್ಯಾಬಿಗೆ ಕಳಸ್ರಿ. ಅದರಾಗೂ ಬಂದ್ರ ಬಂಗಾರ ಖರೇ."

"ಕಳಸೋಣ. ಮೀಟಿಂಗ್ ಆಗ್ಲಿ."

"ಮೊದಲ ಕಳಸ್ರಿ ಸರ್."

"ಮೂರು ವಾರ ಬೇಕು. ಅಲ್ಲೀತನಕ ಮಂದಿ ಕೂತಿರ್ತಾರೇನು? ಲ್ಯಾಬಿನವರು ಅದೇ ಚೀಲ ಎರಡನೇ ಸಲ ನೋಡಿದಾಗ ಐದು ಬಂದದ. ಅದನ್ನೂ ನಾ ಊರಿಗೆಲ್ಲಾ ಸಾರಲೇನು?"

ಐದು! ಒಂದೇ ಚೀಲ, ಒಮ್ಮೆ ಹದಿನಾಲ್ಕು, ಒಮ್ಮೆ ಐದು. ಒರಟು ಬಂಗಾರ ಇದ್ದರೂ ಹಾಗಾಗುತ್ತದೆ. ಮಣಿ ಚೂರಾಗಿ ಬೆರೆತಿದ್ದರೂ ಹಾಗೇ ಆಗುತ್ತದೆ. ಇದನ್ನು ಮುಚ್ಚಿಟ್ಟು ಹದಿನಾಲ್ಕನ್ನು ಪೇಡೆ ಹಂಚಿ ಸಾರಿದ್ದಾರೆ.

"ಆ ಹೆಣ್ಮಗಳ ಹೆಸರು ಕೊಡು. ತೆಗದು ಹಾಕ್ತೀನಿ. ನಿನ್ನ ಮ್ಯಾಲ ಏನೂ ಬರಂಗಿಲ್ಲ."

ಕೊಡಲಿಲ್ಲ. "ಹಂಗಾರ ಗುರುವಾರ ನಾ ಬರದು ಕೊಟ್ಟಿದ್ದಷ್ಟೇ ಓದು" ಅಂದರು. ಹ್ಞೂಂ ಅಂದೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ 2, ಬಸ್‌ಸ್ಟ್ಯಾಂಡು

ಬಸ್ಸಿಗೆ ಇನ್ನೂ ಹೊತ್ತಿದೆ, ಬರೆದುಬಿಡುತ್ತೇನೆ.

ಹೋಟೆಲಿನ ಹಾಲ್‌ನಲ್ಲಿ ನಲವತ್ತು ಮಂದಿ. ಸರ್ ಕೊಟ್ಟ ಹಾಳೆ ಮಡಚಿ ಕೈಚೀಲದಲ್ಲಿಟ್ಟೆ. ಎಲ್ಲ ಹೇಳಿದೆ. ಎರಡು ರಿಪೋರ್ಟು. ಅಕ್ಕಪಕ್ಕದ ಸೊನ್ನೆ. ಕಳೆದ ಮಣಿ, ಹೆಸರು ಬಿಟ್ಟು. ಪೆಟ್ಟಿಗೆಯಲ್ಲಿ ಉಳಿದ ಅರ್ಧ ಕೋರ್.

ದೇವಿಂದ್ರಪ್ಪ ಎದ್ದರು. "ಅಂದ್ರ ಬಂಗಾರ ಇಲ್ಲಂತಿ?"

"ಗೊತ್ತಿಲ್ಲ ಅಂತೀನ್ರೀ."

"ಗೊತ್ತಿಲ್ಲ ಅನ್ನಾಕ ಎ.ಸಿ. ಹಾಲ್ ಯಾಕ ಬೇಕಿತ್ತವ್ವಾ? ಫೋನಿನಾಗೇ ಅಂದಿದ್ರ ಆಗ್ತಿತ್ತು." ಹಿಂದಿನ ಸಾಲು ನಕ್ಕಿತು. ಅವರು ನಗಲಿಲ್ಲ. "ಯಾರ ತಪ್ಪು ಇದು?"

"ರೂಲು ತೆಗಿಸಿದಾಕಿ ನಾನು. ನನ್ನ ತಪ್ಪು. ಐದು ಮುಚ್ಚಿಟ್ಟಿದ್ದು ಕಂಪನಿ ತಪ್ಪು."

ಸರ್ ಮೈಕ್ ಕಸಿದರು. "ಇಕಿ ಯೂನಿಯನ್‌ದಾಕಿ. ಕೂಲಿ ಜಗಳಕ್ಕ ಸೇಡು ತೀರಿಸಾಕತ್ಯಾಳ. ಈ ಕ್ಷಣದಿಂದ ಕೆಲಸದಾಗಿಲ್ಲ."

ದೇವಿಂದ್ರಪ್ಪ: "ಇರ್ಲಿ ಬಿಡ್ರಿ ಸಾಹೇಬ್ರ. ಉಳಿದ ಅರ್ಧ ಎಲ್ಲದ? ನಮ್ಮ ಕಣ್ಣ ಮುಂದ ಕೊಯ್ರಿ. ನಮ್ಮ ಸಹಿ ಹಾಕಿ ಸೀಲ್ ಮಾಡ್ರಿ. ಅಲ್ಲೀತನಕ ಗಂಜಿನಿಂದ ಒಂದ್ ರೂಪಾಯಿ ಹೊರಡಂಗಿಲ್ಲ."

ಸರ್ ಫೋನ್ ಹಿಡಿದು ಹೊರಗೆ ಹೋದರು. ವಾಪಸ್ ಬಂದು ಪೆಟ್ಟಿಗೆ ತೆರೆಯುವ ದಿನ ಗೊತ್ತು ಮಾಡಿದರು.

ಮಾರ್ಚ್ 7, ಶುಕ್ರವಾರ. ಕಮಲಾಪುರ

ಗೇಟಿನಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ. ಹೆಂಗಸರು ಹೊರಗೆ ಬಂದರು. ಬೈದರು. ಬೈಯಲೇಬೇಕು. "ಮಾತಾಡೂ ಮದಲ ನಮ್ಮನ್ನ ಒಂದ್ ಮಾತು ಕೇಳ್ದೇನು?" ಅಂದಳು ದುಂಡಮ್ಮ. ಇರುವವರಲ್ಲಿ ಹಿರಿಯಳು. ಕೇಳಿರಲಿಲ್ಲ. ಅದೂ ನನ್ನ ತಪ್ಪೇ. ಒಪ್ಪಿಕೊಂಡೆ.

ನಬಿಸಾಬ್ ಬೀಡಿ ಹಚ್ಚುವ ನೆಪದಲ್ಲಿ ಬಂದರು. "ಹದಿನೇಳರ ಪೆಟ್ಟಿಗಿ ಜಾಗಾದಾಗೇ ಅದಾವ, ಬೇಟಿ. ಆದ್ರ ನಾಳಿಗಿ ಟೆಂಪೋ ಬರ್ತದಂತ. ಹಳೀ ಪೆಟ್ಟಿಗಿ ಸಾಗಸ್ತಾರಂತ."

ಯಾವ ಹಳೇ ಪೆಟ್ಟಿಗೆ?

ದುಂಡಮ್ಮ ಸೆರಗು ಬಿಗಿದಳು. "ಕೆಲಸ ಹೋದ್ರ ಹೋಗ್ಲಿ. ನಾವ್ ಕುಟ್ಟಿದ ಕಲ್ಲು ಸುಳ್ಳ ಹೇಳಬಾರದು. ಟೆಂಪೋಗ ಅಡ್ಡ ಕೂಡ್ರತೀವಿ."

ನಾನು ಬಸ್ ಹತ್ತುವಾಗ ನೀಲಗಂಗಮ್ಮ ಹಿಂದೆ ಬಂದಳು. "ಎಲ್ಲಾರೂ ಬರ್ತಾರೇನು ಅವತ್ತ? ಗಂಜಿನವರೂ?"

"ಬರ್ತಾರ."

"ನಮ್ಮತ್ತಿಗಿ ಮದಲ ನಾನೇ ಹೇಳಬೇಕು ಹಂಗಾರ."

ನಾಳೆಯಿಂದ ಸರದಿಯ ಮೇಲೆ ಗೇಟಿನಲ್ಲಿ ಕೂರುವುದು, ಇಬ್ಬಿಬ್ಬರು. ಮೊದಲ ಸರದಿ ದುಂಡಮ್ಮ ಮತ್ತು ನಾನು. ಪೆಟ್ಟಿಗೆ ತೆರೆಯುವ ದಿನ ಗಂಜಿನಿಂದ ಎಂಟು ಮಂದಿ ಬರುತ್ತಾರೆ. ಕೊಯ್ಯುವವರು ನಬಿಸಾಬ್. ಚೀಲ ಕಟ್ಟುವವರು ಮೈಮೇಲಿನ ಬಂಗಾರವೆಲ್ಲ ತೆಗೆದಿರಬೇಕು, ಸರ್ ಉಂಗುರವೂ. ಪೆಟ್ಟಿಗೆ ತೆರೆಯುವುದು ಸೋಮವಾರ, ಮಾರ್ಚ್ ಹತ್ತು, ಬೆಳಿಗ್ಗೆ ಹತ್ತೂವರೆಗೆ. ನಾವು ಸೇರುವುದು ಒಂಬತ್ತಕ್ಕೇ, ಗೇಟಿನ ಮುಂದೆ.