ಚೊಕ್ಕ ಓಣಿಯನ್ನು ನಂಬಬೇಡಿ

ಹೊಸದಂಡೆ, ಕೃಷ್ಣಾ ಹಿನ್ನೀರು
ಎರಡು ಸಾವಿರದ ನೂರ ಎಂಬತ್ತೇಳನೆಯ ವರ್ಷ, ಎರಡನೆಯ ಬೇಸಿಗೆ

ನಮಗಿಂತ ಬಹಳ ಮುಂಚೆ ಇರುವ ಹಿರಿಯರಿಗೆ,

ವರ್ಷಕ್ಕೆ ಎರಡು ಬೇಸಿಗೆ ಎಂದರೆ ನಿಮಗೆ ನಗು ಬರಬಹುದು. ನನ್ನ ಕೆಲವು ಮಾತುಗಳೂ ನಿಮಗೆ ಹೊಸವು. ಮನ್ನಿಸಿ.

ನಮ್ಮಲ್ಲಿ ಮುಂಗಾಣಿ ಎಂಬುದೊಂದಿದೆ. ಪ್ರತಿ ಓಣಿಯ ಚರಂಡಿ ನೀರನ್ನು ಪರೀಕ್ಷಿಸಿ, ಯಾವ ಜ್ವರ ಎಲ್ಲಿ ಎಷ್ಟು ಹಬ್ಬೀತು ಎಂದು ಅದು ಮೊದಲೇ ಲೆಕ್ಕ ಹಾಕುತ್ತದೆ. ಆರೋಗ್ಯ ಕಚೇರಿ ಅದರಂತೆ ನಡೆಯುತ್ತದೆ. ಜ್ವರವಿರುವ ಓಣಿಗೆ ನರ್ಸು, ಔಷಧಿ ಬರುತ್ತವೆ. ಜೊತೆಗೆ ಮುಚ್ಚುಗೆಯೂ ಬರುತ್ತದೆ, ಅಂದರೆ ಯಾರೂ ಮನೆಯಿಂದ ಹೊರಬೀಳುವಂತಿಲ್ಲ. ಇದರಿಂದ ಸಾವು ಕಡಿಮೆಯಾಗಿದೆ ಎನ್ನುತ್ತಾರೆ. ಇರಬಹುದು. ಆದರೆ ನಮ್ಮ ಓಣಿ ಮೂರು ವರ್ಷ ಬಿಡದೆ 'ಚೊಕ್ಕ ಓಣಿ' ಎನಿಸಿಕೊಂಡಾಗ ನನಗೆ ಅನುಮಾನ ಬಂತು.

ನಾವು ನೂಲಿಗೆ ನೀಲಿ ಹಾಕುವವರು. ಬಣ್ಣದ ಬಾನಿಗಳು ಊರ ಹೊರಗಿನ ಚಪ್ಪರದಲ್ಲಿವೆ. ದಿನವೂ ತಿರುವದಿದ್ದರೆ ನೀಲಿ ಸಾಯುತ್ತದೆ, ವರ್ಷದ ಕೂಳು ಹೋಗುತ್ತದೆ. ಆದ್ದರಿಂದ ಯಾರಿಗಾದರೂ ಮೈ ಬಿಸಿಯಾದರೆ, ಅದು ನಮ್ಮ ಚರಂಡಿಗೆ ಗೊತ್ತಾಗುವ ಮೊದಲೇ ದೋಣಿ ಹತ್ತಿಸಿ ಆಚೆ ದಂಡೆಯ ನೆಂಟರ ಮನೆಗೆ ಕಳಿಸುತ್ತಾರೆ. ಮುಚ್ಚುಗೆ ಅಲ್ಲಿ ಬೀಳುತ್ತದೆ. ನಮ್ಮ ನರ್ಸನ್ನೂ ಮುಂಗಾಣಿ ಅತ್ತಲೇ ಕಳಿಸಿತು. ಹೋದ ವರ್ಷ ಪಕ್ಕದ ಮನೆಯ ದುಂಡವ್ವಜ್ಜಿ ಆಚೆ ದಂಡೆ ಮುಟ್ಟಲೇ ಇಲ್ಲ, ದೋಣಿಯಲ್ಲೇ ತೀರಿಕೊಂಡಳು.

ಮೊನ್ನೆ ನನ್ನ ತಂಗಿ ಕಾಶವ್ವನ ಮೈ ಕಾದಿತ್ತು. ಅವ್ವ ಬುತ್ತಿ ಕಟ್ಟಿ ನಮ್ಮಿಬ್ಬರನ್ನೂ ದಂಡೆಗೆ ಕರೆತಂದಳು. ದೋಣಿಯ ಮಲಕಾಜಪ್ಪ ನಕ್ಕ.

"ಏನವ್ವಾ, ನಿಮ್ಮ ಓಣ್ಯಾಗ ಗಂಡಸರೂ ತವರಮನಿಗೆ ಹೊಂಟಾರಲ್ಲ! ಈಕಿ ಎಷ್ಟನೇದಾಕಿ?"

"ಬಾಯಿ ಮುಚ್ಕೊಂಡು ಹುಟ್ಟು ಹಾಕೋ," ಎಂದಳು ಅವ್ವ.

ಕಾಶವ್ವ ನನ್ನ ಕೈ ಬಿಡಲಿಲ್ಲ. "ಅಕ್ಕಾ, ದುಂಡವ್ವಜ್ಜಿನೂ ಇದ ದೋಣ್ಯಾಗ ಹೋಗಿದ್ಲಲ್ಲ?"

ನಾನು ಅವ್ವನ ಎದುರು ಮಾತಾಡಿದವಳಲ್ಲ. ಆದರೂ, "ಈಕಿ ಹೋಗೂದಿಲ್ಲವ್ವಾ," ಎಂದೆ.

"ಬಾನಿ ಸತ್ರ ಏನ್ ತಿಂತೀಯೇ? ನೀಲಿ ನೀರು ಕುಡೀತಿ?"

ತಂಗಿಯನ್ನು ಎತ್ತಿಕೊಂಡು ಮನೆಗೆ ಬಂದೆ.

ಇಂದು ನಮ್ಮ ಓಣಿಗೆ ಮುಚ್ಚುಗೆ ಬಿತ್ತು. ಅವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಮನೆಗೆ ಬಂದು ಬೈಯುವಂತಿಲ್ಲವಾದ್ದರಿಂದ ಓಣಿಯವರು ತಮ್ಮ ತಮ್ಮ ಮಾಳಿಗೆ ಹತ್ತಿ ಬೈಯುತ್ತಿದ್ದಾರೆ. ನರ್ಸು ಮಾತ್ರ ಬಂದಿಲ್ಲ. ಇಷ್ಟು ವರ್ಷ ಚೊಕ್ಕವಿದ್ದ ಓಣಿಯಲ್ಲಿ ಒಮ್ಮೆಲೇ ಜ್ವರ ಕಂಡದ್ದನ್ನು ಮುಂಗಾಣಿ ನಂಬುತ್ತಿಲ್ಲವಂತೆ. ಮುಚ್ಚುಗೆ ಕೂಡಲೇ, ಔಷಧಿ ಮಾತ್ರ ಇನ್ನೊಂದು ಪರೀಕ್ಷೆಯಾದ ಮೇಲೆ ಎಂದರು ಕಚೇರಿಯವರು. ನಾವು ಕಲಿಸಿದ ಸುಳ್ಳನ್ನೇ ಅದು ನಮಗೆ ಒಪ್ಪಿಸುತ್ತಿದೆ.

ನಿಮ್ಮ ಕಾಲದಲ್ಲಿ ಇಂಥ ಲೆಕ್ಕಗಳನ್ನು ಈಗಷ್ಟೇ ಕಟ್ಟುತ್ತಿದ್ದಾರೆಂದು ಕೇಳಿದ್ದೇನೆ. ಬೇಡ ಎನ್ನಲಾರೆ. ಆದರೆ ಜ್ವರ ಬಂದವರ ಅನ್ನ ಕಿತ್ತುಕೊಳ್ಳುವಂತೆ ಕಟ್ಟಬೇಡಿ. ಹಾಗೆ ಕಟ್ಟಿದರೆ ನಿಮಗೂ ಚೊಕ್ಕ ಓಣಿಗಳೇ ಕಾಣುತ್ತವೆ. ಚೊಕ್ಕವೆಂದು ಕಂಡಲ್ಲಿಗೇ ಮೊದಲು ಒಬ್ಬರನ್ನು ಕಳಿಸಿ. ಅವರು ಬಾಗಿಲು ತಟ್ಟಿ ಕೇಳಲಿ.

ಕಾಶವ್ವ ನೀರು ಕೇಳುತ್ತಿದ್ದಾಳೆ. ನಮ್ಮ ಬಾಗಿಲಿಗೆ ಅಗುಳಿ ಹಾಕಿಲ್ಲ.

ಹೊಸದಂಡೆಯ ನಿಂಬೆವ್ವ