ಬೆಲ್ಲ ಇಡುವ ಮನೆ

ಗುಂಡ್ಲುಪೇಟೆ,
ಗುರುವಾರ, 12-11-1953

ಮಗಳು ಪುಟ್ಟಬಸಮ್ಮನಿಗೆ ಅವ್ವನ ತುಂಬು ಆಶೀರ್ವಾದ.

ಕೈ ಊತ ಇಳಿಯಿತೇ? ಬಳೆಗಾರ್ತಿ ಮಂಗಮ್ಮ ಸಂತೆಮರಹಳ್ಳಿಯಿಂದ ಬಂದವಳು, "ನಿಮ್ಮ ಮಗಳ ಕೈ ಊದ್ಕಂಡದೆ ಕಣವ್ವ, ಬಳೆ ಏರ್ಲಿಲ್ಲ" ಎಂದಾಗ ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೂತುಬಿಟ್ಟೆ. ಬಾವಿಕಟ್ಟೆಯಲ್ಲಿ ಜಾರಿದೆ ಎಂದು ಅವಳಿಗೆ ಹೇಳಿದೆಯಂತೆ. ಹೋದ ಸಲವೂ ಬಾವಿಕಟ್ಟೆಯೇ. ನಿನ್ನ ಗಂಡನ ಮನೆಯಲ್ಲಿ ಅದೊಂದೇ ಜಾರುವ ಜಾಗವೆಂದು ನಂಬುವಷ್ಟು ಪೆದ್ದಿ ನಾನಲ್ಲ. ಆಮೇಲೆ "ಅವ್ವುಂಗೆ ಹೇಳು, ಇನ್ನು ಇಲ್ಲಿರಕಾಗಲ್ಲ" ಎಂದು ಅವಳ ಕಿವಿಯಲ್ಲಿ ಹೇಳಿ ಕಳಿಸಿದೆಯಲ್ಲ, ಅದಕ್ಕೆ ಉತ್ತರ ಈ ಕಾಗದ. ಅರಿಸಿನ ಬಿಸಿ ಮಾಡಿ ಪಟ್ಟು ಹಾಕಿಕೋ. ಇದನ್ನು ಓದಿ ಒಲೆಗೆ ಹಾಕು.

ಚಾಮರಾಜನಗರದ ಮನೆಯ ವಿಷಯ ಹೇಳಬೇಕು. ಹೊಲವೆಲ್ಲ ಉಳುವವನ ಪಾಲಾಗುತ್ತದೆಂದು ಯಾರೋ ಹೆದರಿಸಿದ್ದಕ್ಕೆ ನಿಮ್ಮಪ್ಪ ಉಡಿಗಾಲದ ಹೊಲ ಮಾರಿ ಅದನ್ನು ಕೊಂಡರು. "ಮನೇನ ಯಾರು ಉತ್ತಾರು?" ಎಂದು ನಗುತ್ತಿದ್ದರು. ನಾವು ಚಾಪೆ ಕೆಳಗೆ ತೂರಿದರೆ ಸರ್ಕಾರ ರಂಗೋಲಿ ಕೆಳಗೆ ತೂರುತ್ತದೆ. ಈಗ ಬಾಡಿಗೆ ಮನೆಗೂ ಕಾನೂನು. ಬಾಡಿಗೆ ಏರಿಸುವ ಹಾಗಿಲ್ಲ, ಇರುವವರನ್ನು ಬಿಡಿಸುವ ಹಾಗಿಲ್ಲ. ಅವರಾಗಿಯೇ ಬಿಟ್ಟು ಹೋದರೂ ಕಚೇರಿಗೆ ತಿಳಿಸಿ, ಸಾಹೇಬರು ಯಾರಿಗೆ ಎನ್ನುತ್ತಾರೋ ಅವರಿಗೆ ಕೊಡಬೇಕು. ನಮ್ಮವರೇ ಇರುವುದಾದರೆ ಮಾತ್ರ, ಯಾರು, ಏಕೆ ಎಂದು ಅವರೆದುರು ಹೇಳಿ ಉಳಿಸಿಕೊಳ್ಳಬಹುದು.

ದೀಪಾವಳಿಗೆ ಮುಂಚೆ ಬಾಡಿಗೆಗಿದ್ದ ಮೇಷ್ಟ್ರಿಗೆ ವರ್ಗವಾಗಿ ಮನೆ ಖಾಲಿಯಾಯಿತು. ಶಿವನೇ ಬಿಡಿಸಿಕೊಟ್ಟ ಎಂದುಕೊಂಡೆ. ನಿನ್ನನ್ನು ಇಲ್ಲಿಗೆ ಕರೆಸಿದರೆ ನಿನ್ನ ಗಂಡ ಹೋದ ವರ್ಷದ ಹಾಗೆ ಬಾಗಿಲಲ್ಲಿ ಕೂತು ರಂಪ ಮಾಡುತ್ತಾನೆ, ನಿಮ್ಮಪ್ಪ ಮರ್ಯಾದೆಗೆ ಅಂಜಿ ಹೊರಡು ಎನ್ನುತ್ತಾರೆ. ಅಲ್ಲಾದರೆ ನಿನ್ನದೇ ಬಾಗಿಲು, ನಿನ್ನದೇ ಅಗುಳಿ. ಹಠ ಹಿಡಿದು ನಿಮ್ಮಪ್ಪನನ್ನು ಒಪ್ಪಿಸಿ ಮೊನ್ನೆ ಕಚೇರಿಗೆ ಕಳಿಸಿದೆ.

ಅಲ್ಲಿ ಆದದ್ದನ್ನು ಜೊತೆಗೆ ಹೋಗಿದ್ದ ನಿನ್ನ ಚಿಕ್ಕಪ್ಪ ಗುರುಪಾದಸ್ವಾಮಿ ಹೇಳಿದ. ನಿನ್ನ ತಂಗಿ ರಾಚಮ್ಮನನ್ನು ಒಪ್ಪಿಕೊಂಡಿದ್ದಾರಲ್ಲ, ಹರವೆಯವರು, ಅವರೂ ತಮ್ಮ ಯಾವುದೋ ಕೆಲಸಕ್ಕೆ ಬಂದು ಅಲ್ಲೇ ಕೂತಿದ್ದರಂತೆ. ಮನೆಯಲ್ಲಿ ಇರುವವರು ಯಾರು ಎಂದು ಸಾಹೇಬರು ಕೇಳಿದಾಗ ನಿಮ್ಮಪ್ಪ ಆ ಬೀಗರ ಮುಖ ನೋಡಿ, "ಬೆಲ್ಲ ಮಡಗಕೆ ಬೇಕು ಸ್ವಾಮಿ" ಎಂದುಬಿಟ್ಟರು. ಗಂಡನನ್ನು ಬಿಟ್ಟು ಬರುವ ಮಗಳಿದ್ದಾಳೆ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಬೆಲ್ಲಕ್ಕೆ ಮಂಡಿ ಇದೆ, ಮನೆ ಮನುಷ್ಯರಿಗೆ ಎಂದು ಸಾಹೇಬರು ಅದನ್ನು ಒಬ್ಬ ಗುಮಾಸ್ತರಿಗೆ ಕೊಡುವುದಾಗಿ ಹೇಳಿದರಂತೆ.

ಮನೆಗೆ ಬಂದ ನಿಮ್ಮಪ್ಪ ಊಟಕ್ಕೆ ಏಳಲಿಲ್ಲ. "ಒಬ್ಬಳನ್ನ ಉಳಿಸಕೋಗಿ ಇನ್ನೊಬ್ಬಳನ್ನ ಮುಳುಗಿಸ್ಲಾ?" ಎಂದರು. ಚೆನ್ನಾಗಿ ಬೈಯಬೇಕೆಂದಿದ್ದೆ, ಅವರ ಕಣ್ಣು ನೋಡಿ ನನಗೂ ಅಳು ಬಂತು. ನೀನು ತಾಳಿಕೊಂಡಿರಬೇಕೆಂದು ಬರೆಯಲು ಹೇಳಿದ್ದಾರೆ. ಬರೆದಿದ್ದೇನೆ.

ರಾಚಮ್ಮ ನಿನಗೆ ಶರಣು ಹೇಳಿದ್ದಾಳೆ. ಮಾದಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ದೊಡ್ಡಮಲ್ಲಮ್ಮ

ಇನ್ನೊಂದು ಮಾತು: ನಿಮ್ಮಪ್ಪ ಬೆಲ್ಲದ ಮಂಡಿಗೆ ಹೋದರು, ಬೇಗ ಬೇಗ ಬರೆಯುತ್ತಿದ್ದೇನೆ. ಸರ್ಕಾರದ ಕಣ್ಣಿಗೆ ಬೀಳಬಾರದೆಂದು ಆ ಮನೆಯನ್ನು ನನ್ನ ಹೆಸರಿಗೆ ಬರೆಸಿದ್ದು ನಿನಗೆ ಗೊತ್ತಿಲ್ಲ. ಹೇಳುವುದಿದ್ದರೆ ಯಜಮಾನಿಯೇ ಬಂದು ಹೇಳಲಿ ಎಂದು ಸಾಹೇಬರು ಸೋಮವಾರದವರೆಗೆ ತಡೆದಿದ್ದಾರಂತೆ. ನಿಮ್ಮಪ್ಪ ಮುಚ್ಚಿಟ್ಟರು, ಚಿಕ್ಕಪ್ಪ ಬಾಯಿ ಬಿಟ್ಟ. ಕಾರ್ತೀಕ ಸೋಮವಾರದ ಪೂಜೆ ಮುಗಿಸಿ ಮೊದಲ ಬಸ್ಸಿಗೆ ಹೋಗುತ್ತೇನೆ, ಅಲ್ಲಿ ಯಾರೇ ಕೂತಿರಲಿ, ನಿನ್ನ ಹೆಸರು ಹೇಳುತ್ತೇನೆ. ಆಮೇಲೆ ಹರವೆಯ ಸಂಬಂಧ ಉಳಿಯುವುದಿಲ್ಲ. ನೀನು ಬೇಡವೆನ್ನುವುದಾದರೆ ಈ ಕಾಗದ ತರುವ ಮಂಗಮ್ಮನ ಹತ್ತಿರವೇ ಹೇಳಿ ಕಳಿಸು, ಭಾನುವಾರ ಇಲ್ಲಿಗೆ ಹಿಂದಿರುಗುತ್ತಾಳೆ. ಅವಳು ಏನೂ ಹೇಳದಿದ್ದರೆ ನೀನು ಹೊರಟೆಯೆಂದೇ ತಿಳಿಯುತ್ತೇನೆ. ರಾಚಮ್ಮನಿಗೆ ಇದೆಲ್ಲವನ್ನೂ ಹೇಳಿದ್ದೇನೆ. ಮೇಲೆ ಬರೆದ ಶರಣು, ಅವಳು ಅದನ್ನು ಕೇಳಿದ ಮೇಲೆ ಹೇಳಿದ್ದು.