ನೀಲಿ ಬಕೆಟ್ಟು

ಮಾರ್ಚ್ 17, ಸೋಮವಾರ, ಸಂಜೆ
ಬಿಪಿ ಮಾತ್ರೆ ನುಂಗಿ ಕೂತಿದ್ದೇನೆ. ಹಿತ್ತಲಿನ ಸ್ವಿಮ್ಮಿಂಗ್ ಪೂಲ್ ಮೇಲಿನ ಟಾರ್ಪಾಲನ್ನು ಇವತ್ತು ಸೊಸೆ ಮಮತ ತೆಗೆದಳು. ಮಳೆಗಾಲದಿಂದ ಮುಚ್ಚಿಟ್ಟದ್ದು. ಪಾಚಿ, ನಲ್ಲೂರು ತೋಪಿನಿಂದ ಹಾರಿಬಂದ ಹುಣಸೆ ಎಲೆ, ಸತ್ತ ಕಪ್ಪೆ. ಓಕರಿಸಿದಳು. ಹೋದ ಬೇಸಿಗೆಯಲ್ಲಿ ಪೂಲ್ ಕಟ್ಟಿದವರ ಆಳೇ ಬಂದು ಶುದ್ಧ ಮಾಡಿದ್ದ. ಈ ಸಲ ತಾನೇ ಮಾಡುತ್ತಾಳಂತೆ, ಫೋನ್ ನೋಡಿಕೊಂಡು!
"ಕಪ್ಪೆ ಎತ್ತೋದು ಹೆಂಗೆ ಅಂತ ಫೋನಲ್ಲಿ ಬರ್ದವ್ರಾ? ಓದಮ್ಮಾ, ನಾನೂ ಕಲೀತೀನಿ" ಅಂದೆ.
ಕೊನೆಗೆ ಎತ್ತಿದ್ದು ಮೊಮ್ಮಗಳು ಸಿಂಚನ. ಏಳು ವರ್ಷದ ಕೂಸಿಗಿರುವ ಗುಂಡಿಗೆ ತಾಯಿಗಿಲ್ಲ.

ಮಾರ್ಚ್ 20, ಗುರುವಾರ
ಮೂರು ದಿನ ಉಜ್ಜಿದಳು. ಅಂಗೈಯೆಲ್ಲ ಬೊಬ್ಬೆ. ತೋರಿಸಿಕೊಂಡು ಓಡಾಡುತ್ತಾಳೆ. ಭಾನುವಾರ ಸಾಸಲಿನಿಂದ ತವರಿನವರು ಬರುತ್ತಾರೆ, ಅವರಿಗೆ ನೀಲಿ ನೀರು ತೋರಿಸಬೇಕು. ಅವಳಮ್ಮ ಪ್ರಮೋದಾ, ಮದುವೆ ಚಪ್ಪರದಲ್ಲೇ ನನಗೆ "ನಮ್ಮುಡುಗಿ ಬಂದ್ಮೇಲೆ ನಿಮ್ಮನೆ ನೆಟ್ಟಗಾಗ್ತದೆ ಬಿಡಿ" ಅಂದಿದ್ದವಳು. ಹತ್ತು ವರ್ಷವಾಯಿತು. ಮರೆತಿಲ್ಲ.

ಮಾರ್ಚ್ 22, ಶನಿವಾರ, ಮಧ್ಯಾಹ್ನ 3
ನಗು ತಡೆಯಲಾಗುತ್ತಿಲ್ಲ.
ನೀರು ಶುದ್ಧ ಮಾಡುವ ಪೂಲ್ ಪೌಡರಿನ ಹಳೇ ನೀಲಿ ಬಕೆಟ್ಟಿಗೆ ಸಂಕ್ರಾಂತಿಯಲ್ಲಿ ಸುಣ್ಣದ ಪುಡಿ ತುಂಬಿಟ್ಟಿದ್ದೆ. ಕೊಟ್ಟಿಗೆ ಗೋಡೆಗೆ ಬಳಿದು ಉಳಿದದ್ದು. ಮಮತ ಪೂಲಿಗೆ ಹೊಸ ನೀರು ಬಿಟ್ಟು, ಪೌಡರೆಂದು ಅದನ್ನೇ ಎತ್ತಿಕೊಂಡು ಬಂದಳು. ಮುಚ್ಚಳದ ಇಂಗ್ಲಿಷ್ ಓದಿದಳು. ಒಳಗಿರುವುದನ್ನು ನೋಡಲಿಲ್ಲ. ಓದಿದವಳಲ್ಲವೇ.
"ಅತ್ತೆ, ಇಷ್ಟು ಸಾಕಾಗುತ್ತಾ?"
"ನಂದು ಮೂರ್ನೇ ಕ್ಲಾಸು ಕಣಮ್ಮಾ. ನಿನ್ನ ಫೋನ್ ಕೇಳು."
ಪೂರ್ತಿ ಸುರಿದಳು, ಮೆಟ್ಟಿಲ ಹತ್ತಿರವೇ. ನೀರೆಲ್ಲ ಮಜ್ಜಿಗೆ! ನಾಳೆ ಬರಲಿ ಪ್ರಮೋದಾ, ಲೋಟ ಹಿಡಿದುಕೊಂಡು.

ಮಾರ್ಚ್ 23, ಭಾನುವಾರ
ಬೆಳಿಗ್ಗೆ ನೋಡಿದರೆ ಸುಣ್ಣ ತಳಕ್ಕೆ ಕೂತು ನೀರು ತಿಳಿ. ಹೊಟ್ಟೆ ಉರಿಯಿತು. ಬೀಗರ ಕಾರು ಗೇಟಿಗೆ ಬಂತು, ಮಮತ ಓಡಿದಳು. ಸಿಂಚು ದಬ್ಬನೆ ಮೆಟ್ಟಿಲಿನಿಂದ ನೆಗೆದಳು. ತಳದ ಸುಣ್ಣವೆಲ್ಲ ಎದ್ದು, ಎರಡು ಕಣ್ಣಿಗೂ...
"ಅಜ್ಜೀ, ಉರೀತದೆ ಅಜ್ಜೀ!"
ಅಮ್ಮಾ ಅನ್ನಲಿಲ್ಲ. ನನ್ನನ್ನೇ ಕರೆಯಿತು.

ಮಾರ್ಚ್ 29, ಶನಿವಾರ
ಕೂಸು ಆಸ್ಪತ್ರೆಯಿಂದ ಮನೆಗೆ ಬಂತು. ಎರಡೂ ಕಣ್ಣಿಗೆ ಪಟ್ಟಿ. ಸೋಮವಾರ ಬಿಚ್ಚುತ್ತಾರೆ. ಡಾಕ್ಟರು ಏನೂ ಹೇಳುತ್ತಿಲ್ಲ. ಸುಣ್ಣ ಅಂತ ಗೊತ್ತಾಗಿದೆ. ಬಕೆಟ್ಟಿಗೆ ಹೇಗೆ ಬಂತು ಅಂತ ಮಗ ಕೇಳಿದ. ಕೊಟ್ಟಿಗೆ ಕಡೆ ತಲೆ ಹಾಕದವನು.
"ಕಣ್ಬಿಟ್ಟು ನೋಡಿ ಹಾಕ್ಬೇಕಿತ್ತಪ್ಪಾ ಅವಳು" ಅಂದೆ.
ಹೆಂಡತಿಯ ಜೊತೆ ಮಾತು ಬಿಟ್ಟಿದ್ದಾನೆ. ಅವಳು ಅನ್ನ ಬಿಟ್ಟಿದ್ದಾಳೆ. ಪ್ರಮೋದಾ ತಲೆ ತಗ್ಗಿಸಿಕೊಂಡು ಹೋದಳು. ಬೇಕಿದ್ದದ್ದು ಇದೇ ತಾನೇ.

ಮಾರ್ಚ್ 30, ಯುಗಾದಿ, ಬೆಳಿಗ್ಗೆ
ಸಿಂಚುಗೆ ಬೇವು ಬೆಲ್ಲ ತಿನ್ನಿಸುತ್ತಿದ್ದೆ. ಮಮತ ಎಣ್ಣೆ ಬಟ್ಟಲು ಹಿಡಿದು ಬಾಗಿಲಲ್ಲಿದ್ದಳು. ಕೂಸು ತಡವಿ ನನ್ನ ಕೈ ಹಿಡಿಯಿತು.
"ಅಜ್ಜಿ, ನೀಲಿ ಬಕೆಟ್ಟು ಅಂತೆ. ಅದ್ರಲ್ಲಿ ನಾವಿಬ್ರೂ ಸುಣ್ಣ ತುಂಬಿದ್ವಲ್ಲಾ. ಅಮ್ಮಂಗೆ ಹೇಳೋದು ಮರ್ತ್‌ಬಿಟ್ಯಾ?"
ಮಮತ ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟಳು.
ಎದ್ದು ಬಂದು ನನ್ನ ರೂಮಿನ ಚಿಲಕ ಹಾಕಿಕೊಂಡಿದ್ದೇನೆ. ಕದ ಬಡಿಯುತ್ತಿದ್ದಾಳೆ. ಅತ್ತೆ ಅನ್ನುತ್ತಿಲ್ಲ. ಅಂಜಿನಮ್ಮಾ ಅನ್ನುತ್ತಿದ್ದಾಳೆ. ಹೆಸರು ಹಿಡಿದು. ಹಿಂದೆ ಮಗನ ದನಿಯೂ... ಈ ಚಿಲಕ ಎಷ್ಟು ಹೊತ್ತು